ದೋಣಿಗೆ ಬಳಿಯುವ ಎಣ್ಣೆ

ಮೂವತ್ತೊಂದನೇ ತಾರೀಕಿನೊಳಗೆ ಫ್ರೀಜರು ಖಾಲಿ ಮಾಡಿ ಕೊಡಬೇಕು
ಎಂದು ಕಾಗದ ಬಂದಿದೆ.
ಸಹಿ ಮಾಡಿದವನು ನನ್ನದೇ ವಿದ್ಯಾರ್ಥಿ,
ವಿನಯದಿಂದಲೇ ಬರೆದಿದ್ದಾನೆ, ತಪ್ಪು ಹೇಳಲಾರೆ.

ಬಾಗಿಲು ತೆಗೆದರೆ
ಬಿಳಿ ಹಬೆ ಮೊಣಕಾಲ ತನಕ ಇಳಿಯುತ್ತದೆ,
ಬೆಳಿಗ್ಗೆ ಆರರ ಅಳಿವೆಬಾಗಿಲ ಮಂಜಿನ ಹಾಗೆ.
ಒಳಗೆ ಇನ್ನೂರ ಹನ್ನೆರಡು ಮಂದಿ ಬೆಂಗ್ರೆಯವರು,
ಒಬ್ಬೊಬ್ಬರೂ ಒಂದೊಂದು ಮಿಲಿಲೀಟರು.

ಮದುವೆಯ ಮರುದಿನದ ಔತಣಗಳಲ್ಲಿ ಕೇಳುತ್ತಾರೆ:
"ಡಾಕ್ಟ್ರೇ, ಬಂಗುಡೆ ತಿನ್ನಬಹುದಾ?
ತೆಂಗಿನೆಣ್ಣೆ ಬಿಡಬೇಕಂತೆ, ಹೌದಾ?"
ನಾನು ಆ ಡಾಕ್ಟರಲ್ಲ ಎಂದರೂ
ತಟ್ಟೆಯ ಸಿಗಡಿಯನ್ನು ಮಗನ ತಟ್ಟೆಗೆ ದಾಟಿಸುತ್ತಾರೆ.
ಆ ಮೇಣಕ್ಕೆ ಅಷ್ಟು ಕೆಟ್ಟ ಹೆಸರು.
ಮಾರಾಯ್ರೆ, ಅದಿಲ್ಲದೆ ನಿಮ್ಮ ಮೈಯ ಒಂದು ಕಣವೂ ನಿಲ್ಲುವುದಿಲ್ಲ
ಎನ್ನಲು ಹೋಗಿ,
ಐಸ್‌ಕ್ರೀಮು ಬಂತೆಂದು ಸುಮ್ಮನಾಗಿದ್ದೇನೆ.

ಅದನ್ನು ಮೊದಲು ಕಂಡದ್ದು ಎಪ್ಪತ್ತೊಂಬತ್ತರಲ್ಲಿ,
ಸೂಕ್ಷ್ಮದರ್ಶಕದ ಕೆಳಗೆ:
ತೆಳ್ಳನೆಯ ಬಿಲ್ಲೆಗಳು, ಒಂದೊಂದಕ್ಕೂ ಒಂದು ಮೂಲೆಯಿಲ್ಲ.
"ಒಡೆದ ಹಂಚಿನ ಹಾಗುಂಟು" ಅಂದೆ. ಪ್ರೊಫೆಸರು ನಗಲಿಲ್ಲ.
ಮೈಸೂರಿನವರು; ಹಂಚಿನ ಕಾರ್ಖಾನೆಯ ಹಿತ್ತಿಲಲ್ಲಿ
ರಾಶಿ ಬಿದ್ದ ಮೂಲೆಮುರುಕುಗಳನ್ನು ಕಂಡವರಲ್ಲ.
ಗಂಧಕಾಮ್ಲ ಬಿದ್ದರೆ ಅದು ಕೆಂಪಾಗಿ, ನೇರಳೆಯಾಗಿ,
ಕೊನೆಗೆ ಹಸಿರಿಗೆ ನಿಲ್ಲುತ್ತದೆ.
ಆ ಹಸಿರನ್ನು ಅಳೆಯುವುದಕ್ಕೇ ನನಗೆ ಸಂಬಳ.
ಸೆಪ್ಟೆಂಬರಿನಲ್ಲಿ ತಿಳಿಯಾಗುವ ಕಡಲಿಗೆ ಅದೇ ಬಣ್ಣ
ಎಂದು ಪ್ರಬಂಧದಲ್ಲಿ ಬರೆಯಲಿಲ್ಲ.

ನಮ್ಮ ಯಕೃತ್ತು ಅದನ್ನು ಕಟ್ಟುವುದು
ಎರಡೆರಡು ಇಂಗಾಲ ಜೋಡಿಸುತ್ತ.
ನಡುದಾರಿಯಲ್ಲಿ ಮೂವತ್ತು ಇಂಗಾಲದ ಉದ್ದ ಎಳೆಯೊಂದು, ಸ್ಕ್ವಾಲೀನ್;
ತಾಟೆಮೀನಿನ ಯಕೃತ್ತಿನಲ್ಲಿ ಅದು ಬೇಕಾದಷ್ಟು.
ಆ ಸಾಲು ಓದುವಾಗಲೇ ಮೂಗಿಗೆ ವಾಸನೆ ಬಂತು:
ಅಪ್ಪ ಮಳೆಗೆ ಮುಂಚೆ ದೋಣಿ ಮಗುಚಿ ಹಾಕಿ
ತಾಟೆ ಎಣ್ಣೆ ಕುದಿಸಿ, ಹಳೇ ಬನಿಯನು ಅದ್ದಿ
ಹಲಗೆ ಹಲಗೆಗೂ ತಿಕ್ಕುತ್ತಿದ್ದರು.
ಆ ವಾರವಿಡೀ ಶಾಲೆಯಲ್ಲಿ ನಮಗೆ ಕಡೇ ಬೆಂಚು.
"ನೀರು ನೀರಿನ ಜಾಗದಲ್ಲಿರಬೇಕು, ನಾವು ನಮ್ಮ ಜಾಗದಲ್ಲಿ.
ಅದಕ್ಕೆ ಇದು."
ಮೂವತ್ತೆಂಟು ವರ್ಷ ನಾನು ಪಾಠ ಮಾಡಿದ್ದೂ ಇಷ್ಟನ್ನೇ,
ಜೀವಕೋಶದ ಪೊರೆ ಎಂಬ ಹೆಸರಿನಲ್ಲಿ.

ತೊಂಬತ್ತೆರಡರ ಅಕ್ಟೋಬರು. ಸಿಡಿಲು ಬಡಿದು ಎರಡು ದಿನ ಕರೆಂಟಿಲ್ಲ.
ಅಟೆಂಡರು ವಲೇರಿಯನ್ ಮೊಂತೇರೊ ಯಾರನ್ನೂ ಕೇಳದೆ
ದಕ್ಕೆಯಿಂದ ರಿಕ್ಷಾದಲ್ಲಿ ಐಸು ತಂದ,
ಗೋಣಿ ಹೊದಿಸಿ, ಕಲ್ಲುಪ್ಪು ಚೆಲ್ಲಿ, ಬೆಳಗಿನ ತನಕ ಕುಳಿತ.
ಲ್ಯಾಬಿಗೆಲ್ಲ ಬೂತಾಯಿ ವಾಸನೆ.
ಪ್ರಬಂಧದ ಕೊನೆಗೆ ಅವನ ಹೆಸರು ಹಾಕಿದ್ದೆ.
ಸಂಪಾದಕರು ತೆಗೆದರು.

ನೂರ ಹದಿನೇಳು.
ಸೀಸೆಯ ಮೇಲೆ ಹೆಸರಿಲ್ಲ, ಆ ನಿಯಮ ನಾನೇ ಮಾಡಿದ್ದು.
ಆದರೂ ತೋಳು ಚಾಚಿ ಅವರು ಕೇಳಿದ್ದು ಕಿವಿಯಲ್ಲಿದೆ:
"ನೋವು ನನಗಾ, ನಿನಗಾ?"
ಒಟ್ಟು ನೂರ ಅರವತ್ತೆಂಟು. ಯಾವ ಕೋಷ್ಟಕದಲ್ಲಿ ನೋಡಿದರೂ ಆರೋಗ್ಯವಂತರು.
ಹದಿನಾಲ್ಕು ತಿಂಗಳಿಗೆ, ಬಲೆ ಎಳೆಯುತ್ತಿದ್ದವರು
ಎದೆ ಹಿಡಿದು ದೋಣಿಯಲ್ಲೇ ಕುಳಿತರು.
ಏಳಲಿಲ್ಲ.

ನಕ್ಷೆಯಲ್ಲಿ ಗೆರೆಯಿಂದ ದೂರ ಒಂದು ಚುಕ್ಕಿ.
"ಅದೊಂದನ್ನು ಬಿಡಿ, ಗೆರೆ ಚೆಂದ ಬರುತ್ತದೆ"
ಅಂದರು ಪ್ರೊಫೆಸರು.
ಬಿಡಲಿಲ್ಲ.
ಅದು ಅಲ್ಲೇಕೆ ನಿಂತಿತು ಎಂದು ಹುಡುಕುತ್ತ
ಉಳಿದ ವರ್ಷಗಳೆಲ್ಲ ಹೋದವು. ಅರ್ಧ ಸಿಕ್ಕಿತು.
ಇನ್ನರ್ಧಕ್ಕೆ ಬೇರೆ ಯಾರಾದರೂ ಬರಬೇಕು,
ಆ ಕಾಗದ ಬರೆದ ಹುಡುಗನೇ ಇರಬಹುದು.

ಗ್ಲೌಸು ಕಳಚಿ ಬರಿಗೈಯಲ್ಲಿ ಹಿಡಿದುಕೊಂಡೆ.
ಬಿಳಿಗಲ್ಲು ಮೆಲ್ಲಗೆ ಕರಗಿ
ತೆಳು ಹಳದಿಯಾಯಿತು, ಸೋಸಿದ ಎಣ್ಣೆಯಂತೆ.
ಆಮೇಲೆ ನೂರ ಹದಿನಾರು, ನೂರ ಹದಿನೆಂಟರ ಜೊತೆಗೇ
ಹಳದಿ ಚೀಲಕ್ಕೆ ಹಾಕಿದೆ.

ಸಂಜೆ ಬೆಂಗ್ರೆಯ ದೋಣಿಯಲ್ಲಿ
ಚಿಲ್ಲರೆ ಇಸಿದುಕೊಳ್ಳುತ್ತ ಟಿಕೇಟಿನ ಹುಡುಗ ಕೇಳಿದ:
"ಎಂತ ಡಾಕ್ಟ್ರೇ, ಕೈ ಇಷ್ಟು ತಣ್ಣಗೆ? ಮೀನು ತಗೊಂಡ್ರಾ?"